ತತ್ತ್ವಜ್ಞಾನಿಗಳ ಪೌಲನೂ ನಮ್ಮ ಜ್ಞಾನಸ್ನಾನದ ಪುಸ್ತಕವೂ

ಸಂತ ಪೌಲನ ಪತ್ರಗಳನ್ನು ಇಂದು ಅತ್ಯಂತ ಎಚ್ಚರದಿಂದ ಓದುತ್ತಿರುವವರಲ್ಲಿ ಕೆಲವರು ದೇವರನ್ನು ನಂಬದವರು. ಗುರುಮಠದಲ್ಲಿ ದೈವಶಾಸ್ತ್ರ ಬೋಧಿಸುವ ನಮಗೆ ಇದನ್ನು ಹೇಳಲು ಸಂಕೋಚವಾಗುತ್ತದೆ. ಆದರೂ ಹೇಳದೆ ಗತ್ಯಂತರವಿಲ್ಲ. ಭಾನುವಾರದ ಬಲಿಪೂಜೆಯಲ್ಲಿ ಎರಡನೆಯ ವಾಚನವಾಗಿ ಪೌಲನ ಮಾತು ಕೇಳಿಬರುತ್ತದೆ, ಆದರೆ ನಮ್ಮ ಪ್ರಬೋಧನೆಗಳು ಮೊದಲನೆಯ ವಾಚನದಿಂದ ನೇರವಾಗಿ ಶುಭಸಂದೇಶಕ್ಕೆ ಹಾರುತ್ತವೆ. ಅಂಚಿನಲ್ಲಿ ಕೆಸರಿರುವ ಹಳ್ಳವನ್ನು ದಾಟುವವರಂತೆ ನಾವು ಪೌಲನನ್ನು ದಾಟುತ್ತೇವೆ. ಇತ್ತ ಪ್ಯಾರಿಸ್ಸಿನಲ್ಲಿ ಒಬ್ಬ ನಾಸ್ತಿಕ ತತ್ತ್ವಜ್ಞಾನಿ ಪೌಲನ ಮೇಲೆ ಇಡೀ ಪುಸ್ತಕ ಬರೆಯುತ್ತಾನೆ. ಇಟಲಿಯ ಇನ್ನೊಬ್ಬನು ರೋಮನರಿಗೆ ಬರೆದ ಪತ್ರದ ಮೊದಲ ಹತ್ತು ಗ್ರೀಕ್ ಪದಗಳನ್ನು ವಿವರಿಸಲು ಆರು ದಿನಗಳ ಉಪನ್ಯಾಸವನ್ನು ಹೊಂದಿಸುತ್ತಾನೆ. ನಮ್ಮ ಗ್ರಂಥಾಲಯದಲ್ಲಿ ಈ ಎರಡು ಪುಸ್ತಕಗಳೂ ಇವೆ. ಅಂಚುಗಳು ಸವೆದಿರುವುದನ್ನು ನೋಡಿದರೆ ನಮ್ಮ ಬ್ರದರುಗಳು ಇವನ್ನು ಓದುತ್ತಿದ್ದಾರೆಂಬುದು ಖಚಿತ. ಆದಕಾರಣ ಇವುಗಳ ಕುರಿತು ಒಂದು ವಿಮರ್ಶೆ ಅವಶ್ಯವೆಂದು ನಮಗೆ ತೋರಿತು.

ಈ ಓದಿನ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. 1888ರಲ್ಲಿ ಬರೆದು 1895ರಲ್ಲಿ ಪ್ರಕಟವಾದ ತನ್ನ ಕ್ರೈಸ್ತವಿರೋಧಿ ಕೃತಿಯಲ್ಲಿ ನೀಷೆ ಯೇಸುವನ್ನು ಬಿಟ್ಟು ಪೌಲನನ್ನು ಹಿಡಿದ. ಯೇಸುವಿನ ಬದುಕನ್ನು ಕೆಡಿಸಿ ದ್ವೇಷದ ಧರ್ಮವನ್ನು ಕಟ್ಟಿದವನು ಪೌಲನೇ ಎಂಬುದು ಆತನ ಆರೋಪ. 1920–21ರ ಚಳಿಗಾಲದಲ್ಲಿ ತರುಣ ಹೈಡೆಗರ್ ಫ್ರೈಬುರ್ಗಿನಲ್ಲಿ ಗಲಾತ್ಯರಿಗೂ ಥೆಸಲೋನಿಕದವರಿಗೂ ಬರೆದ ಪತ್ರಗಳ ಮೇಲೆ ಉಪನ್ಯಾಸ ಮಾಡಿದ. (ಪೀಠಿಕೆಯೇ ಮುಗಿಯುತ್ತಿಲ್ಲ, ಧರ್ಮದ ಮಾತೇ ಬರುತ್ತಿಲ್ಲವೆಂದು ವಿದ್ಯಾರ್ಥಿಗಳು ದೂರಿದ್ದರಿಂದ ಆತ ಪೀಠಿಕೆಯನ್ನು ನಡುವಿನಲ್ಲೇ ತುಂಡರಿಸಿ ಪೌಲನಿಗೆ ಹೊರಳಿದನೆಂಬುದು ಬೋಧಕವರ್ಗಕ್ಕೆ ಒಂದಿಷ್ಟು ಸಮಾಧಾನ ಕೊಡುವ ಸಂಗತಿ.) ವಿಯೆನ್ನಾದಲ್ಲಿ ಹುಟ್ಟಿದ ಯೆಹೂದ್ಯ ಚಿಂತಕ ಯಾಕೊಬ್ ಟೌಬೆಸ್ 1987ರ ಫೆಬ್ರವರಿಯಲ್ಲಿ, ಸಾವು ಹತ್ತಿರವಾಗಿದ್ದಾಗ, ಹೈಡೆಲ್‌ಬರ್ಗಿನಲ್ಲಿ ಕೆಲವು ದಿನ ರೋಮನರ ಪತ್ರವನ್ನು ಓದಿಸಿದ; ಅದು ಸೀಸರನ ವಿರುದ್ಧದ ಯುದ್ಧಘೋಷಣೆ ಎಂದ; ಮುಂದಿನ ತಿಂಗಳೇ ತೀರಿಕೊಂಡ. ಟೌಬೆಸನ ಮಾತಿನಲ್ಲಿ ಯೆಹೂದ್ಯ ಪೌಲನಿದ್ದಾನೆ, ತನ್ನ ಜನರಿಗಾಗಿ ತಾನೇ ಶಾಪಗ್ರಸ್ತನಾಗಲು ಸಿದ್ಧನಿರುವ ರೋಮ 9ರ ಪೌಲನಿದ್ದಾನೆ. ಮುಂದೆ ಬಂದವರಲ್ಲಿ ಈ ನೋವು ಅಷ್ಟಾಗಿ ಕಾಣುವುದಿಲ್ಲ. ಜಿಜೆಕನ ಬರೆಹಗಳನ್ನು ನಾವಿಲ್ಲಿ ಎತ್ತಿಕೊಳ್ಳುವುದಿಲ್ಲ. ಅವು ಚುರುಕಾಗಿವೆ, ಆದರೆ ಪೌಲನ ಮುಂದೆ ಅವು ಬಹಳ ಹೊತ್ತು ಕೂರುವುದಿಲ್ಲ.

ಅಲೆನ್ ಬಾದಿಯೂನ ‘ಸಂತ ಪೌಲ’ 1997ರಲ್ಲಿ ಫ್ರೆಂಚಿನಲ್ಲಿ ಬಂತು. ಸಾರ್ವತ್ರಿಕತೆಗೆ ತಳಹದಿ ಹಾಕಿದವನು ಪೌಲ ಎಂಬುದು ಅದರ ಉಪಶೀರ್ಷಿಕೆಯೇ ಸಾರುವ ವಾದ. ತನ್ನ ಮಟ್ಟಿಗೆ ಪೌಲ ಸಂತನೂ ಅಲ್ಲ, ಪ್ರೇಷಿತನೂ ಅಲ್ಲ ಎಂದು ಬಾದಿಯೂ ಆರಂಭದಲ್ಲೇ ಹೇಳಿಬಿಡುತ್ತಾನೆ. ಪುನರುತ್ಥಾನ ಆತನಿಗೆ ಒಂದು ಕಟ್ಟುಕತೆ. ಹಾಗಿದ್ದೂ ಆತನಿಗೆ ಪೌಲ ಬೇಕು. ಒಂದು ಘಟನೆ ನಡೆಯಿತೆಂದು ಒಬ್ಬ ಮನುಷ್ಯ ಸಾರುತ್ತಾನೆ. ಆ ಘಟನೆಯನ್ನು ಅದುವರೆಗಿನ ಯಾವ ಜ್ಞಾನವೂ ಯಾವ ಕಾನೂನೂ ಮುಂಗಂಡಿರಲಿಲ್ಲ. ಸಾರಿದವನು ಅದಕ್ಕೆ ನಿಷ್ಠನಾಗಿ ಉಳಿಯುತ್ತಾನೆ. ಆ ನಿಷ್ಠೆಯಲ್ಲಿಯೇ ಆತ ಹೊಸ ಮನುಷ್ಯನಾಗುತ್ತಾನೆ. ಆ ಘಟನೆ ಎಲ್ಲರಿಗಾಗಿ, ಯಾವ ಕುಲದ ಗುರುತನ್ನೂ ಕೇಳದೆ, ತೆರೆದಿರುತ್ತದೆ. ಸತ್ಯವೆಂದರೆ ಇದೇ ಎಂದು ಬಾದಿಯೂ ಬಗೆಯುತ್ತಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಮೊದಲ ಅಧ್ಯಾಯದಲ್ಲಿ ಪೌಲ ಸೂಚಕಕಾರ್ಯ ಬೇಡುವ ಯೆಹೂದ್ಯನನ್ನೂ ಜ್ಞಾನ ಅರಸುವ ಗ್ರೀಕನನ್ನೂ ಶಿಲುಬೆಯ ಮುಂದೆ ನಿಲ್ಲಿಸುತ್ತಾನಲ್ಲವೆ? ಬಾದಿಯೂ ಅಲ್ಲಿ ಎರಡು ಬಗೆಯ ಯಜಮಾನಿಕೆಗಳನ್ನು ಕಾಣುತ್ತಾನೆ. ಒಂದು, ತಾನು ಆಯ್ಕೆಯಾದವನು ಎಂಬ ಅಪವಾದದ ಯಜಮಾನಿಕೆ. ಇನ್ನೊಂದು, ಲೋಕದ ಕ್ರಮವನ್ನು ತಾನು ಬಲ್ಲೆನೆಂಬ ಜ್ಞಾನದ ಯಜಮಾನಿಕೆ. ಪೌಲನ ಮಾತು ಇವೆರಡರ ಮಗನಲ್ಲ; ಯಜಮಾನನಿಲ್ಲದ ಮಾತು.

ಈ ಪುಟಗಳನ್ನು ಓದಿದಾಗ ನಮಗೆ ಸಂತೋಷವಾಯಿತೆಂದು ಮರೆಮಾಚದೆ ಹೇಳುತ್ತೇವೆ. ಕೃಪೆಯೆಂಬುದು ಅರ್ಹತೆಯ ಲೆಕ್ಕದಲ್ಲಿ ಬರತಕ್ಕದ್ದಲ್ಲ, ಕೂಲಿಯಲ್ಲ ಎಂಬ ರೋಮ 4ರ ಮಾತನ್ನು ನಮ್ಮ ಪಠ್ಯಪುಸ್ತಕಗಳು ಇಷ್ಟು ಹರಿತವಾಗಿ ಹೇಳಿದ್ದು ಕಡಿಮೆ. ಬಾದಿಯೂ ತನ್ನ ಕಾಲದ ಫ್ರಾನ್ಸಿನಲ್ಲಿ ಪರದೇಶಿಯರನ್ನು ಹೊರದಬ್ಬುವ ರಾಜಕೀಯದ ಎದುರಿಗೆ ನಿಂತು ಬರೆದವನು. ಕಾಗದಪತ್ರಗಳಿಲ್ಲದ ವಲಸೆ ಕಾರ್ಮಿಕರ ಪರವಾಗಿ ಹಲವು ವರ್ಷ ದುಡಿದವನು. ಅವನ ಪೌಲನಿಗೆ ಬೀದಿಯ ಧೂಳಿದೆ. ನಾಸ್ತಿಕರನ್ನು ಓದುವುದೇಕೆ ಎಂದು ಕೇಳುವ ಸಹೋದ್ಯೋಗಿಗಳಿಗೆ, ತನ್ನನ್ನು ವಿರೋಧಿಸುವವರಿಂದಲೂ ಧರ್ಮಸಭೆಗೆ ಲಾಭವಾಗಿದೆ, ಆಗುತ್ತದೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆಯೇ ‘ಗೌದಿಯುಂ ಎತ್ ಸ್ಪೇಸ್’ನ 44ನೆಯ ಪರಿಚ್ಛೇದದಲ್ಲಿ ಒಪ್ಪಿಕೊಂಡಿರುವುದನ್ನು ನೆನಪಿಸಿದರೆ ಸಾಕು.

ಕನ್ನಡದ ಓದುಗನಿಗೆ ಇಲ್ಲಿ ಇನ್ನೊಂದು ಯೋಚನೆ ಬರುವುದು ಸಹಜ. ಕನ್ನಡದ ಆಧುನಿಕ ಬರೆಹಗಾರರು ಯೇಸುವಿನ ಹತ್ತಿರ ಬಂದಿದ್ದಾರೆ. ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನು ನಮ್ಮ ಸಭೆಗಳಲ್ಲಿ ಈಗಲೂ ಗೌರವದಿಂದ ನೆನೆಯುತ್ತಾರೆ. ಪೌಲನ ಹತ್ತಿರ ಬಂದವರು ವಿರಳ. ಆದರೆ ಸಾರ್ವತ್ರಿಕತೆಯ ಚಿಂತನೆ ನಮ್ಮಲ್ಲಿ ಬಡವಾಗಿಲ್ಲ. ಕುವೆಂಪು ಅವರ ವಿಶ್ವಮಾನವ ಕಲ್ಪನೆಯಲ್ಲಿ ಮಗು ಹುಟ್ಟುವಾಗಲೇ ವಿಶ್ವಮಾನವ. ಆಮೇಲೆ ಜಾತಿಮತಗಳು ಅದನ್ನು ಕುಗ್ಗಿಸುತ್ತವೆ. ವಿದ್ಯೆಯ ಕೆಲಸ ಮತ್ತೆ ಅದನ್ನು ಹಿಗ್ಗಿಸುವುದು. ಬಾದಿಯೂನಲ್ಲಿ ಕ್ರಮ ತಿರುವುಮುರುವು. ಯಾರೂ ಸಾರ್ವತ್ರಿಕರಾಗಿ ಹುಟ್ಟುವುದಿಲ್ಲ. ಒಂದು ಘಟನೆ ಅಡ್ಡಬಂದು, ಅದಕ್ಕೆ ಹೌದೆಂದು ಹೇಳಿದ ಮೇಲೆಯೇ ಆಗುವುದು. ಈ ವಿಷಯದಲ್ಲಿ ಬಾದಿಯೂ ಕುವೆಂಪು ಅವರಿಗಿಂತ ನಮ್ಮ ಜ್ಞಾನಸ್ನಾನದ ತೊಟ್ಟಿಗೆ ಹತ್ತಿರದವನು. ಗಲಾತ್ಯ 3:28ರ ಮಾತು, ಯೆಹೂದ್ಯ–ಗ್ರೀಕ, ದಾಸ–ಸ್ವತಂತ್ರ, ಗಂಡು–ಹೆಣ್ಣು ಎಂಬ ಭೇದಗಳು ಕ್ರಿಸ್ತನಲ್ಲಿ ನಿಲ್ಲವೆಂಬ ಆ ಮಾತು, ಅದರ ಹಿಂದಿನ ವಾಕ್ಯದ ಜ್ಞಾನಸ್ನಾನವನ್ನು ಬಿಟ್ಟರೆ ಅರ್ಥವಾಗುವುದಿಲ್ಲ.

ಆ ಮಾತನ್ನೇ ನಾವು ಒಮ್ಮೆ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ ಹೋಬಳಿಯ ಹಳ್ಳಿಯೊಂದರಲ್ಲಿ ಪ್ರಬೋಧನೆಗೆ ಆರಿಸಿಕೊಂಡೆವು. ಬೇಸಿಗೆ ರಜೆಯಲ್ಲಿ ಸ್ನೇಹಿತರಾದ ವಿಚಾರಣಾ ಗುರುಗಳ ಬದಲಿಗೆ ಕೆಲವು ವಾರ ಆ ಕಡೆ ಹೋಗಿದ್ದೆವು. ಹೊಸ ಮನೆಯೊಂದನ್ನು ಆಶೀರ್ವದಿಸಿ ಅಲ್ಲಿಯೇ ಬಲಿಪೂಜೆ. ಎಂಟೊಂಬತ್ತು ಮನೆಯವರು ಸೇರಿದ್ದರು. ಬಾಗಿಲಿಗೆ ನೇರವಾಗಿ ದುರ್ಗದ ಬೆಟ್ಟ, ಅದರ ನೆತ್ತಿಯ ಮೇಲೆ ಮುರಿದ ಕೋಟೆಗೋಡೆ. ಬಾದಿಯೂನ ಪುಸ್ತಕ ಆಗ ನಮ್ಮ ಚೀಲದಲ್ಲೇ ಇತ್ತು, ಆದ್ದರಿಂದ ಪ್ರಬೋಧನೆಯೂ ಅದೇ ಧಾಟಿಯಲ್ಲಿ ಸಾಗಿತೆಂದು ಕಾಣುತ್ತದೆ. ಮುಗಿದ ಮೇಲೆ ಆ ಮನೆಯ ಮಗ, ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿ ಹದಿನೈದು ದಿನಕ್ಕೊಮ್ಮೆ ಊರಿಗೆ ಬರುವ ತರುಣ, ಪಕ್ಕಕ್ಕೆ ಕರೆದು ಹೇಳಿದ:

“ನೀವ್ ಹೇಳಿದ್ದು ಸರಿ ಸ್ವಾಮಿ. ಆಫೀಸ್ನಾಗೂ ಅದನ್ನೇ ಅಂದ್ರು. ಕ್ರಿಸ್ತರಾಗೆ ಜಾತಿ ಇಲ್ವಲ್ಲ, ನಿಂಗ್ಯಾಕೆ ಸರ್ಟಿಫಿಕೇಟು ಅಂತ.”

ಆಮೇಲೆ ತನ್ನ ಹೆಂಡತಿಯ ತೋಳಿನಲ್ಲಿದ್ದ ಕೂಸನ್ನು ತೋರಿಸಿ ಕೇಳಿದ: “ಮಗೀಗೆ ಜ್ಞಾನಸ್ನಾನ ಕೊಡಿ ಸ್ವಾಮಿ. ಹೆಸ್ರು ಮಾತ್ರ ಬುಕ್ಕಿನಾಗೆ ಬರೀಬ್ಯಾಡಿ.”

ನಾವು ಕಾನನ್ ಸಂಹಿತೆಯ 877ನೆಯ ಕಟ್ಟಳೆಯನ್ನು ನೆನೆದೆವು. ಜ್ಞಾನಸ್ನಾನ ಕೊಟ್ಟಲ್ಲಿನ ವಿಚಾರಣಾ ಗುರು ಅದನ್ನು ತಡಮಾಡದೆ ದಾಖಲಿಸತಕ್ಕದ್ದು. ಹಾಗೆಯೇ ಹೇಳಿದೆವು. ಆತ ತಲೆದೂಗಿದ, ವಾದ ಮಾಡಲಿಲ್ಲ. ಕಾಫಿ ಕುಡಿದು ಎದ್ದೆವು. ಕೂಸಿನ ಜ್ಞಾನಸ್ನಾನ ಮುಂದಕ್ಕೆ ಹೋಯಿತು.

ಆ ತರುಣನ ಮೊದಲ ಮಾತು ಬಾದಿಯೂನ ಪುಸ್ತಕಕ್ಕೆ ನಾವು ಕೇಳಿದ ಅತ್ಯಂತ ಗಟ್ಟಿಯಾದ ಆಕ್ಷೇಪ. ಕಾರಣವಿದು. ನಮ್ಮ ದೇಶದಲ್ಲಿ ಗಲಾತ್ಯ 3:28ನ್ನು ಧರ್ಮಸಭೆ ಮಾತ್ರ ಓದುವುದಿಲ್ಲ. ಪ್ರಭುತ್ವವೂ ತನ್ನದೇ ರೀತಿಯಲ್ಲಿ ಓದುತ್ತದೆ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ 3ನೆಯ ಪರಿಚ್ಛೇದದಂತೆ ಹಿಂದೂ ಧರ್ಮಕ್ಕೆ ಸೇರದವನನ್ನು ಪರಿಶಿಷ್ಟ ಜಾತಿಯವನೆಂದು ಪರಿಗಣಿಸುವಂತಿರಲಿಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಆ ಬಾಗಿಲು ತೆರೆಯಿತು. ಕ್ರೈಸ್ತರಿಗೂ ಮುಸಲ್ಮಾನರಿಗೂ ತೆರೆಯಲಿಲ್ಲ. ಕ್ರಿಸ್ತನಲ್ಲಿ ಭೇದವಿಲ್ಲವೆಂದು ನೀವೇ ಹೇಳುತ್ತೀರಿ, ಭೇದವಿಲ್ಲದವನಿಗೆ ಭೇದದ ಪರಿಹಾರವೇಕೆ, ಎಂಬುದು ಅದರ ತರ್ಕ. ಪೌಲ ಕೃಪೆಯಾಗಿ ಹೇಳಿದ್ದು ಇಲ್ಲಿ ಕಾನೂನಾಗಿ ತಿರುಗಿ ಬಡವನ ಕೈಯಿಂದ ಕಾಗದ ಕಿತ್ತುಕೊಳ್ಳುತ್ತದೆ.

1985ರ ಸೆಪ್ಟೆಂಬರ್ 30ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತ ಸೂಸೈ ಮೊಕದ್ದಮೆಯನ್ನು ನಮ್ಮ ಬ್ರದರುಗಳು ಪೌಲನ ಜೊತೆಗಿಟ್ಟು ಓದಬೇಕು. ಸೂಸೈ ಆದಿದ್ರಾವಿಡ ಮೂಲದ ಕ್ರೈಸ್ತ, ಮದ್ರಾಸಿನ ಬೀದಿಬದಿಯಲ್ಲಿ ಚಪ್ಪಲಿ ಹೊಲಿಯುವವರು. ಸರ್ಕಾರ ಬೀದಿಬದಿಯ ಚಮ್ಮಾರರಿಗೆ ಕೊಟ್ಟ ಪೆಟ್ಟಿಗೆಯಂಗಡಿ ಅವರಿಗೆ ಸಿಗಲಿಲ್ಲ, ಕ್ರೈಸ್ತರೆಂಬುದೇ ಕಾರಣ. ಮತಾಂತರದ ಮೇಲೂ ಜಾತಿ ಉಳಿಯುತ್ತದೆಂದು ತೋರಿಸಿದರೆ ಸಾಲದು, ಕ್ರೈಸ್ತ ಸಮುದಾಯದ ಒಳಗೂ ಅದೇ ಪ್ರಮಾಣದ ಅಸಮರ್ಥತೆಗಳೂ ಅವನತಿಯೂ ಇವೆಯೆಂದು ತೋರಿಸಬೇಕು ಎಂದು ನ್ಯಾಯಾಲಯ ಹೇಳಿತು; ಅರ್ಜಿ ವಜಾ ಆಯಿತು. ಇದರ ಕಹಿಯನ್ನು ಗಮನಿಸಬೇಕು. ಸೂಸೈಯಂಥವರಿಗೆ ನ್ಯಾಯ ದೊರೆಯಬೇಕಾದರೆ ಧರ್ಮಸಭೆ ಕಟಕಟೆಗೆ ಬಂದು, ನಾವು ಗಲಾತ್ಯ 3:28ನ್ನು ಬದುಕಲಿಲ್ಲ, ಎಂದು ತನ್ನ ವಿರುದ್ಧವೇ ಸಾಕ್ಷಿ ಹೇಳಬೇಕು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಆ ಸಾಕ್ಷಿಯನ್ನು ಬಹುಮಟ್ಟಿಗೆ ಹೇಳಿತು: 1 ಕೋಟಿ 90 ಲಕ್ಷ ಕಥೋಲಿಕರಲ್ಲಿ 1 ಕೋಟಿ 20 ಲಕ್ಷ ಮಂದಿ ದಲಿತರು, ಅವರ ಮೇಲಿನ ತಾರತಮ್ಯ ನಮ್ಮೊಳಗೇ ಇದೆ ಎಂದು. ಪಾಪನಿವೇದನೆ ತಡವಾಗಿ ಬಂದರೂ ಪಾಪನಿವೇದನೆಯೇ.

ಬಾದಿಯೂನ ವಾದ ಎಲ್ಲಿ ಎಡವುತ್ತದೆಂಬುದು ಈಗ ಸ್ಪಷ್ಟವಾದೀತು. ಸತ್ಯಕ್ಕೆ ಭೇದಗಳು ಲೆಕ್ಕಕ್ಕಿಲ್ಲ ಎನ್ನುತ್ತಾನೆ ಆತ. ಭೇದಗಳನ್ನು ಅಳಿಸಬೇಕಾಗಿಲ್ಲ, ಅವುಗಳ ನಡುವೆ ಹಾದುಹೋದರೆ ಸಾಕು; ಪೌಲ ಎಲ್ಲರಿಗೂ ಎಲ್ಲವೂ ಆದನಲ್ಲವೆ (1 ಕೊರಿಂಥ 9:22)? ಪದ್ಧತಿಗಳನ್ನು ಕುರಿತು ಹೇಳುವುದಾದರೆ ಇದು ಸರಿ. ಊಟ, ಉಡುಗೆ, ಸುನ್ನತಿಗಳ ಬಗ್ಗೆ ಪೌಲನ ಧೋರಣೆ ಇದೇ. ಆದರೆ ಕೆಲವು ಭೇದಗಳು ಬರಿಯ ಭೇದಗಳಲ್ಲ. ಮೇಲು ಕೀಳಿನ ಮೆಟ್ಟಿಲುಗಳು. ಮೆಟ್ಟಿಲನ್ನು ಲೆಕ್ಕಕ್ಕಿಲ್ಲವೆಂದು ಬಿಟ್ಟರೆ ಅದು ಇದ್ದಲ್ಲೇ ಇರುತ್ತದೆ, ಮೇಲಿದ್ದವನು ಮೇಲೆಯೇ ಇರುತ್ತಾನೆ.

ಇದಕ್ಕೆ ನಮ್ಮ ಇತಿಹಾಸದಲ್ಲೇ ಸಾಕ್ಷಿಯುಂಟು. ಮಧುರೆಯಲ್ಲಿ ರಾಬರ್ಟ್ ದೆ ನೊಬಿಲಿ ಬ್ರಾಹ್ಮಣ ಕ್ರೈಸ್ತರು ಜನಿವಾರ, ಶಿಖೆ, ಗಂಧಗಳನ್ನು ಉಳಿಸಿಕೊಳ್ಳಲೆಂದು ವಾದಿಸಿದರು. ಅವು ಧಾರ್ಮಿಕ ಗುರುತುಗಳಲ್ಲ, ಲೌಕಿಕ ಅಂತಸ್ತಿನ ಗುರುತುಗಳು ಎಂಬುದು ಅವರ ವಾದ. 1623ರ ಜನವರಿಯಲ್ಲಿ 15ನೆಯ ಗ್ರೆಗರಿ ಜಗದ್ಗುರುಗಳು ಅದಕ್ಕೆ ಅನುಮತಿಯಿತ್ತರು. ಸಂಸ್ಕೃತಿಗಳ ನಡುವೆ ಹಾದುಹೋದ ಆ ಧೈರ್ಯವನ್ನು ನಾವು ತರಗತಿಗಳಲ್ಲಿ ಮೆಚ್ಚಿ ಪಾಠ ಮಾಡುತ್ತೇವೆ, ಮಾಡತಕ್ಕದ್ದೇ. ಆದರೆ ಅದೇ ಶಾಸನದಲ್ಲಿ ಜಗದ್ಗುರುಗಳು ಕುಲದ ಹೆಮ್ಮೆಯುಳ್ಳವರಿಗೆ ಒಂದು ಬೇಡಿಕೆಯನ್ನೂ ಇಟ್ಟಿದ್ದರು: ಕೀಳೆನಿಸಿಕೊಂಡವರನ್ನು ದೈವವಾಕ್ಯ ಕೇಳುವಲ್ಲಿಯೂ ಸಂಸ್ಕಾರ ಪಡೆಯುವಲ್ಲಿಯೂ ಹೀಗಳೆಯಬೇಡಿರಿ ಎಂದು. ಅನುಮತಿ ಜಾರಿಗೆ ಬಂತು, ಬೇಡಿಕೆ ಕಾಗದದಲ್ಲುಳಿಯಿತು. ಲೌಕಿಕವೆಂದು ಬಿಟ್ಟ ಗುರುತು ಬಲಿಪೀಠದ ಮುಂದಿನ ಸಾಲುಗಳನ್ನು ಬೇರ್ಪಡಿಸಿತು, ಕೆಲವೆಡೆ ಸಮಾಧಿಭೂಮಿಯನ್ನೂ ಬೇರ್ಪಡಿಸಿತು. ತಮಿಳುನಾಡಿನ ಧರ್ಮಾಧ್ಯಕ್ಷರೊಡನೆ 2003ರ ನವೆಂಬರಿನಲ್ಲಿ ಮಾತನಾಡುವಾಗ ಎರಡನೆಯ ಜಾನ್ ಪೌಲರು ಜಾತಿಭೇದವನ್ನು ಮತ್ತೆ ಖಂಡಿಸಬೇಕಾಗಿ ಬಂತೆಂಬುದರಲ್ಲೇ ಎಲ್ಲವೂ ಇದೆ.

ಜೋರ್ಜೊ ಅಗಂಬೆನ್ 2000ದಲ್ಲಿ ಪ್ರಕಟಿಸಿದ ‘ಉಳಿದಿರುವ ಕಾಲ’ ಬಾದಿಯೂನಿಗೆ ನೀಡಿದ ಉತ್ತರವೂ ಹೌದು. ಟೌಬೆಸನ ನೆನಪಿಗೆ ಅರ್ಪಿತವಾದ ಈ ಪುಸ್ತಕ ಬಾದಿಯೂನದ್ದಕ್ಕಿಂತ ಕಷ್ಟದ್ದು, ಗ್ರೀಕ್ ಪಠ್ಯಕ್ಕೆ ಹೆಚ್ಚು ವಿಧೇಯವಾದದ್ದು. ಪೌಲ ಸಾರ್ವತ್ರಿಕತೆಯನ್ನು ಸ್ಥಾಪಿಸಲಿಲ್ಲ ಎನ್ನುತ್ತಾನೆ ಅಗಂಬೆನ್. ಇರುವ ವಿಭಜನೆಯನ್ನೇ ಪೌಲ ಇನ್ನೊಮ್ಮೆ ವಿಭಜಿಸುತ್ತಾನೆ. ಕಾನೂನು ಲೋಕವನ್ನು ಯೆಹೂದ್ಯ, ಯೆಹೂದ್ಯೇತರ ಎಂದು ಸೀಳಿತ್ತು. ಶರೀರಾನುಸಾರ, ಆತ್ಮಾನುಸಾರ ಎಂಬ ಗೆರೆಯನ್ನು ಪೌಲ ಅಡ್ಡವಾಗಿ ಎಳೆದಾಗ ಎರಡು ಪಾಲುಗಳೂ ಮತ್ತೆ ಸೀಳಿ, ಯಾವ ಪಾಲಿಗೂ ಪೂರ್ತಿ ಸೇರದ ಒಂದು ಉಳಿಕೆ ಹುಟ್ಟುತ್ತದೆ. ಅದನ್ನು ಯೆಹೂದ್ಯನಲ್ಲದವನಲ್ಲ ಎಂಬ ಇಮ್ಮಡಿ ನಿಷೇಧದಿಂದಲೇ ಹೆಸರಿಸಲು ಸಾಧ್ಯ. ರೋಮ 11:5ರ ಕೃಪೆಯಿಂದ ಆಯ್ಕೆಯಾದ ಉಳಿಕೆಯ ಜನ ಇದೇ.

ಚನ್ನರಾಯನದುರ್ಗದ ಆ ತರುಣನನ್ನು ನೆನೆದಾಗ ಈ ಇಮ್ಮಡಿ ನಿಷೇಧ ಬರಿಯ ಚಮತ್ಕಾರವೆನಿಸಲಿಲ್ಲ. ಕಚೇರಿಗೆ ಆತ ದಲಿತನಲ್ಲ. ಊರಿನ ಬಾವಿಗೆ, ಹೋಟೆಲಿನ ಲೋಟಕ್ಕೆ, ಹೆಣ್ಣು ಕೇಳಲು ಹೋದ ಮನೆಯ ಜಗಲಿಗೆ ಆತ ದಲಿತನಲ್ಲದವನಲ್ಲ. ಬಾದಿಯೂನ ‘ಎಲ್ಲರೂ’ ಎಂಬ ಪದದಲ್ಲಿ ಈ ಮನುಷ್ಯ ಕಾಣುವುದಿಲ್ಲ. ಅಗಂಬೆನನ ಉಳಿಕೆಯಲ್ಲಿ ಕಾಣುತ್ತಾನೆ.

ಇದಕ್ಕಿಂತಲೂ ನಮಗೆ ಬೆಲೆಯುಳ್ಳದ್ದು 1 ಕೊರಿಂಥ 7ರ ಮೇಲಿನ ಅವನ ಟೀಕೆ. ಪ್ರತಿಯೊಬ್ಬನೂ ತಾನು ಕರೆಯಲ್ಪಟ್ಟಾಗ ಇದ್ದ ಸ್ಥಿತಿಯಲ್ಲೇ ಉಳಿಯಲಿ ಎಂಬರ್ಥ ಕೊಡುವ 20ನೆಯ ವಾಕ್ಯ ಎಷ್ಟು ಶತಮಾನ ಎಷ್ಟು ಜನರನ್ನು ಇದ್ದಲ್ಲೇ ಇರಿಸಿದೆ! ಗ್ರೀಕಿನ ‘ಕ್ಲೇಸಿಸ್’ ಎಂಬ ಪದವನ್ನು ಲೂಥರ್ ಜರ್ಮನಿನಲ್ಲಿ ವೃತ್ತಿ ಎಂಬರ್ಥದ ಪದಕ್ಕೆ ಬೆಸೆದ ಕಥೆಯನ್ನು ಮ್ಯಾಕ್ಸ್ ವೆಬರ್ ಹೇಳಿದ್ದ. ಅಗಂಬೆನ್ ಅಲ್ಲಿಂದ ಹೊರಟು, ಕರೆ ಎಂದರೆ ಹೊಸದೊಂದು ಸ್ಥಾನವಲ್ಲ, ಇರುವ ಸ್ಥಾನವನ್ನು ಪವಿತ್ರಗೊಳಿಸುವ ಮುದ್ರೆಯೂ ಅಲ್ಲ, ಎಲ್ಲ ಸ್ಥಾನಗಳನ್ನೂ ಒಳಗಿನಿಂದ ರದ್ದು ಮಾಡುವ ಮಾತು ಎಂದು ಓದುತ್ತಾನೆ. ಅದಕ್ಕೆ ಆಧಾರ 29–31ನೆಯ ವಾಕ್ಯಗಳು: ಅಳುವವರು ಅಳದವರಂತೆ, ಕೊಂಡವರು ಹೊಂದಿಲ್ಲದವರಂತೆ. ಇಲ್ಲಿ ಕನ್ನಡ ತಾನೇ ಒಂದು ಟಿಪ್ಪಣಿ ಬರೆಯುತ್ತದೆ. ನಾವು ‘ದೈವಕರೆ’ ಎನ್ನುತ್ತೇವೆ. ಕನ್ನಡದಲ್ಲಿ ಕರೆ ಎಂದರೆ ಕೂಗಿ ಕರೆಯುವುದು. ಕರೆ ಎಂದರೆ ಕಲೆಯೂ ಹೌದು. ಹಳಗನ್ನಡದಲ್ಲಿ ಕಲೆಯ ಕಱೆಗೆ ಶಕಟರೇಫವಿತ್ತು, ಶಿವನನ್ನು ಕಱೆಗೊರಲನೆಂದು ಕರೆದದ್ದು ಆ ಪದದಿಂದ. ಅಕ್ಷರ ಮರೆಯಾಗಿ ಇಂದು ಎರಡೂ ಒಂದೇ ಬರೆಹದಲ್ಲಿ ಕುಳಿತಿವೆ. ನಮ್ಮ ಹಳ್ಳಿಗಳಲ್ಲಿ 1 ಕೊರಿಂಥ 7:20ನ್ನು ಕೇಳಿದವರು ಯಾವ ಕರೆಯಲ್ಲಿ ಉಳಿಯಬೇಕೆಂದು ತಿಳಿದರೋ! ಕೂಗಿನಲ್ಲಿ ಉಳಿಯಿರಿ ಎಂಬುದು ಪೌಲನ ಮಾತು. ಕಲೆಯಲ್ಲಿ ಉಳಿಯಿರಿ ಎಂಬುದು ನಾವು ಅನೇಕ ವೇಳೆ ಬೋಧಿಸಿದ ಮಾತು.

ಹಾಗಾದರೆ ಅಗಂಬೆನನಲ್ಲಿ ನಿಲ್ಲಬಹುದೇ? ನಿಲ್ಲಲು ನಮಗೆ ಆಸೆಯಿತ್ತು. ಆ ತರುಣನ ಎರಡನೆಯ ಮಾತಿಗೆ, ಪುಸ್ತಕದಲ್ಲಿ ಹೆಸರು ಬರೆಯಬೇಡಿ ಎಂಬ ಬೇಡಿಕೆಗೆ, ಅಗಂಬೆನ್ ಸಲೀಸಾದ ಉತ್ತರವೊಂದನ್ನು ಒದಗಿಸುತ್ತಾನೆ. ಕಾಗದದಲ್ಲಿ ಹಿಂದೂ ಆಗಿರು, ಆಗಿಲ್ಲದವನಂತೆ. ಲೋಕದ ಗುರುತನ್ನು ಬಳಸಿಕೋ, ಹೊಂದದೆ. 21ನೆಯ ವಾಕ್ಯದಲ್ಲಿ ಪೌಲ ದಾಸನಿಗೆ ಬಳಸಿಕೋ ಎನ್ನುತ್ತಾನೆ, ಆದರೆ ಏನನ್ನು ಎಂಬ ಕರ್ಮಪದ ಗ್ರೀಕಿನಲ್ಲಿಲ್ಲ. ದಾಸ್ಯವನ್ನೋ ಬಿಡುಗಡೆಯನ್ನೋ ಎಂದು ವ್ಯಾಖ್ಯಾನಕಾರರು ಇಂದಿಗೂ ಜಗಳವಾಡುತ್ತಾರೆ. ಆ ಖಾಲಿ ಜಾಗದಲ್ಲಿ ಒಂದು ಜಾತಿ ಪ್ರಮಾಣಪತ್ರಕ್ಕೂ ಸ್ಥಳ ಮಾಡಿಕೊಡಬಹುದು. ಬಾದಿಯೂ ಇದಕ್ಕೆ ಒಪ್ಪಲಾರ. ರೋಮ 10:9–10ರ ಬಾಯಿಂದ ಸಾರುವಿಕೆಯೇ ಅವನಿಗೆ ಎಲ್ಲವೂ, ಗುಟ್ಟಾದ ನಿಷ್ಠೆ ನಿಷ್ಠೆಯಲ್ಲ. ಹೀಗೆ ನಮ್ಮ ಒಬ್ಬ ತತ್ತ್ವಜ್ಞಾನಿ ಆ ಕೂಸಿನ ಹೆಸರನ್ನು ಬರೆಯಲೇಬೇಕೆನ್ನುತ್ತಾನೆ, ಇನ್ನೊಬ್ಬ ಬರೆಯದಿದ್ದರೂ ಆದೀತೆನ್ನುತ್ತಾನೆ. ಬರೆದರೂ ಬರೆಯದಿದ್ದರೂ ಬೆಲೆ ತೆರುವವನು ಗಾರೆ ಕೆಲಸದವನೇ ಎಂಬುದು ಇಬ್ಬರಿಗೂ ಹೊಳೆದಿಲ್ಲ. ನಾವು ಕಾನನ್ ಸಂಹಿತೆ ಹಿಡಿದು ಉತ್ತರಿಸಿದಾಗ ನಮಗೂ ಹೊಳೆದಿರಲಿಲ್ಲ.

ಇಬ್ಬರ ಪೌಲನಲ್ಲೂ ಶರೀರ ಕಡಿಮೆ. ಪುನರುತ್ಥಾನವನ್ನು ಕಟ್ಟುಕತೆಯೆಂದು ಬದಿಗಿಟ್ಟು ಅದರ ಆಕಾರವನ್ನು ಮಾತ್ರ ಉಳಿಸಿಕೊಂಡರೆ ಏನು ಕಳೆದುಹೋಗುತ್ತದೆ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ಸತ್ಯಾಸತ್ಯತೆಯ ಪ್ರಶ್ನೆ ಒಂದು ಕಡೆಗಿರಲಿ. 1 ಕೊರಿಂಥ 15ರಲ್ಲಿ ಪೌಲ ಸಾಕ್ಷಿಗಳ ಪಟ್ಟಿ ಕೊಡುವುದು, ಅವರಲ್ಲಿ ಹಲವರು ಇನ್ನೂ ಬದುಕಿದ್ದಾರೆನ್ನುವುದು, ಕಟ್ಟುಕತೆ ಹೇಳುವವನ ರೀತಿಯಲ್ಲ. ಕಳೆದುಹೋಗುವುದು ಶರೀರ. ಶರೀರ ಎದ್ದುಬರುವುದಾದರೆ ಮಾತ್ರ ಈ ಶರೀರಕ್ಕೆ ಈಗ ಏನಾಗುತ್ತಿದೆ ಎಂಬುದು ದೈವಶಾಸ್ತ್ರದ ಪ್ರಶ್ನೆಯಾಗುತ್ತದೆ. ಆದ್ದರಿಂದಲೇ ಅದೇ ಪತ್ರದ 11ನೆಯ ಅಧ್ಯಾಯದಲ್ಲಿ ಪೌಲ ಪ್ರಭುಭೋಜನದ ಮೇಜಿನ ಬಳಿ ಒಬ್ಬ ಹಸಿದಿರುವಾಗ ಇನ್ನೊಬ್ಬ ಕುಡಿದು ಮತ್ತನಾಗಿರುವುದನ್ನು ಕಂಡು ಸಿಟ್ಟಾಗುತ್ತಾನೆ. ಅದು ಪ್ರಭುವಿನ ಭೋಜನವೇ ಅಲ್ಲ ಎನ್ನುತ್ತಾನೆ. ಜೆರುಸಲೇಮಿನ ಬಡವರಿಗಾಗಿ ವರ್ಷಗಟ್ಟಲೆ ಹಣ ಕೂಡಿಸಿ, ಅಪಾಯವೆಂದು ತಿಳಿದೂ ತಾನೇ ಒಯ್ಯುತ್ತಾನೆ (ರೋಮ 15:25–31). ಈ ಹಣಸಂಗ್ರಹ ತತ್ತ್ವಜ್ಞಾನಿಗಳ ವಾದದ ಅಂಚಿನಲ್ಲೇ ಉಳಿದಿದೆ. ಪೌಲನಿಗೆ ಅದು ಅಂಚಿನದಾಗಿರಲಿಲ್ಲ. ಅಗಂಬೆನ್ 2009ರ ಮಾರ್ಚಿನಲ್ಲಿ ಪ್ಯಾರಿಸ್ಸಿನ ನೋತ್ರ್ ದಾಂ ಮಹಾದೇವಾಲಯದಲ್ಲೇ ನಿಂತು, ಧರ್ಮಸಭೆ ಅಂತ್ಯಕಾಲದ ಅರಿವನ್ನು ಕಳೆದುಕೊಂಡಿದೆಯೆಂದು ಛೀಮಾರಿ ಹಾಕಿದ. ಅದು ನಮಗೆ ತಕ್ಕದ್ದೇ. ಆದರೆ ಉಳಿಕೆಯೆಂಬುದು ಎಲ್ಲರ ಅಸ್ತಿತ್ವದ ರಚನೆಯೆಂದು ಹಿಗ್ಗಿಸಿದಾಗ ಹಸಿದ ಉಳಿಕೆ ಯಾವುದು, ಉಂಡ ಉಳಿಕೆ ಯಾವುದು ಎಂಬ ಕೊರಿಂಥದ ಪ್ರಶ್ನೆ ಮಾಯವಾಗುತ್ತದೆಂದು ಅವನಿಗೂ ಹೇಳಬೇಕಾಗಿದೆ.

ಪೌಲನ ಪತ್ರಗಳಲ್ಲಿ ಅತಿ ಚಿಕ್ಕದು ಫಿಲೆಮೋನನಿಗೆ ಬರೆದದ್ದು, ಒಂದೇ ಅಧ್ಯಾಯ, 25 ವಾಕ್ಯ. ಬಾದಿಯೂ ಆಗಲಿ ಅಗಂಬೆನ್ ಆಗಲಿ ತಮ್ಮ ವಾದವನ್ನು ಅದರ ಮೇಲೆ ಕಟ್ಟಲಿಲ್ಲ. ಗಲಾತ್ಯದಲ್ಲಿ ದಾಸ, ಸ್ವತಂತ್ರ ಎಂಬವು ಪದಗಳು. ಇಲ್ಲಿ ದಾಸನಿಗೆ ಒನೇಸಿಮ ಎಂಬ ಹೆಸರಿದೆ, ಯಜಮಾನನಿಗೆ ಮನೆಯಿದೆ, ಆ ಮನೆಯಲ್ಲೇ ಸಭೆ ಕೂಡುತ್ತದೆ. ಭೇದವಿಲ್ಲವಾದ್ದರಿಂದ ಸಮಸ್ಯೆಯೂ ಇಲ್ಲ ಎಂದು ಪೌಲ ಹೇಳುವುದಿಲ್ಲ. ಒನೇಸಿಮನನ್ನು ದಾಸನಿಗಿಂತ ಮಿಗಿಲಾದ ಪ್ರಿಯ ಸಹೋದರನಂತೆ, ಪ್ರಭುವಿನಲ್ಲಿ ಮಾತ್ರವಲ್ಲ ಶರೀರಸಂಬಂಧದಲ್ಲಿಯೂ, ಸ್ವೀಕರಿಸಬೇಕೆಂದು ಕೇಳುತ್ತಾನೆ (16). ಆಮೇಲೆ ಆತನಿಂದ ನಷ್ಟವೋ ಸಾಲವೋ ಇದ್ದರೆ ಅದನ್ನು ತನ್ನ ಲೆಕ್ಕಕ್ಕೆ ಬರೆಯುವಂತೆ ಹೇಳಿ, ತಾನೇ ತೀರಿಸುವೆನೆಂದು ತನ್ನ ಕೈಯಾರೆ ಬರೆದು ಒಪ್ಪುತ್ತಾನೆ (18–19). ಸಾರ್ವತ್ರಿಕತೆಯ ಸ್ಥಾಪಕನೆನಿಸಿದ ಪೌಲ ಇಲ್ಲಿ ಸಾಲದ ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರಿಗೆ ಖರ್ಚು ಹಾಕಿಸಿಕೊಂಡು ನಿಂತಿದ್ದಾನೆ. ಇನ್ನೊಬ್ಬನ ಹೆಸರು ಪುಸ್ತಕದಲ್ಲಿ ಬರೆಯಲ್ಪಟ್ಟಾಗ ಆಗುವ ನಷ್ಟವನ್ನು ತಾನು ಭರಿಸುವೆನೆಂಬ ಮಾತು ಇಲ್ಲಿದೆ. ನಾವು ಆ ಮನೆಯಲ್ಲಿ 877ನೆಯ ಕಟ್ಟಳೆಯನ್ನು ಹೇಳಿದೆವು. ಈ ಮಾತನ್ನು ಹೇಳಲಿಲ್ಲ. ಹೇಳಿದ್ದರೆ ಅದಕ್ಕೆ ಖರ್ಚಿತ್ತು: ಆ ಕೂಸಿನ ಶಾಲೆ, ಕಾಲೇಜು, ಶುಲ್ಕ, ವಿದ್ಯಾರ್ಥಿನಿಲಯ. ನಮ್ಮ ಸಂಸ್ಥೆಗಳ ಪ್ರವೇಶಪಟ್ಟಿಗಳಲ್ಲಿ ಅಂಥ ಕೂಸುಗಳಿಗೆ ಎಷ್ಟು ಜಾಗವಿದೆಯೆಂಬುದನ್ನು ಓದುಗರೇ ತಮ್ಮ ತಮ್ಮ ಧರ್ಮಪ್ರಾಂತ್ಯಗಳಲ್ಲಿ ಎಣಿಸಿ ನೋಡಬಹುದು.

ಕಾನನ್ ಶಾಸ್ತ್ರದಲ್ಲಿ ಪರಿಣತರಾದ ಸಹೋದರ ಗುರುಗಳಲ್ಲಿ ನಮ್ಮದೊಂದು ವಿನಂತಿಯಿದೆ. ದಾಖಲೆಯಿಂದ ಕುಟುಂಬಕ್ಕೆ ಹಾನಿಯಾಗುವ ಸಂದರ್ಭದಲ್ಲಿ 877ನ್ನು ಹೇಗೆ ಅನ್ವಯಿಸಬೇಕು, ಅಂಥ ಪುಸ್ತಕವನ್ನು ಯಾರ ಕೀಲಿಯಡಿ ಇಡಬಹುದು ಎಂಬುದರ ಮೇಲೆ ಈ ಪತ್ರಿಕೆಯಲ್ಲಿ ಅವರು ಬರೆಯಬೇಕು; ವಿಚಾರಣಾ ಗುರುಗಳು ಇದನ್ನು ಒಬ್ಬೊಬ್ಬರೇ ಗುಟ್ಟಾಗಿ ತೀರ್ಮಾನಿಸುತ್ತಿರುವುದು ಸರಿಯಲ್ಲ. ನಮ್ಮ ಮಟ್ಟಿಗೆ, ಬರುವ ಜೂನಿನಲ್ಲಿ ಪೌಲನ ಪತ್ರಗಳ ಪಾಠವನ್ನು ಎಂದಿನಂತೆ ಗಲಾತ್ಯದಿಂದ ತೊಡಗದೆ ಫಿಲೆಮೋನನಿಂದ ತೊಡಗಲಿದ್ದೇವೆ. ಬಾದಿಯೂ, ಅಗಂಬೆನ್ ಇಬ್ಬರೂ ಓದುಪಟ್ಟಿಯಲ್ಲಿರುತ್ತಾರೆ, ಸೂಸೈ ತೀರ್ಪೂ ಇರುತ್ತದೆ. ತರಗತಿ ಆರಂಭವಾಗುವ ಮೊದಲು ಚನ್ನರಾಯನದುರ್ಗದ ಕಡೆಗೆ ಒಮ್ಮೆ ಹೋಗಿಬರಬೇಕಾಗಿದೆ. ಆ ಕೂಸು ಈಗ ನಡೆಯುತ್ತಿದೆಯೆಂದು ಕೇಳಿದ್ದೇವೆ.